ಮಾತಿನ ಭಂಡಾರಿ ಬಸವಣ್ಣನವರು

ಬೆಂಗಳೂರಿನ ಬಸವನಗುಡಿಗೆ ಆ ಹೆಸರು ಬಂದುದು ಅಲ್ಲಿಯ ಗುಡ್ಡದ ಮೇಲೆ ಕುಳಿತಿರುವ ಏಕಶಿಲೆಯ ದೊಡ್ಡ ನಂದಿಯಿಂದ. ಕಾರ್ತಿಕಮಾಸದ ಕಡೆಯ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ ನೆರೆಯುವುದು. ಸುತ್ತಣ ಒಕ್ಕಲುಮಕ್ಕಳು ಹೊಸ ಬೆಳೆಯನ್ನು ಮೊದಲು ಬಸವಣ್ಣನಿಗೆ ಒಪ್ಪಿಸುವ ವಾಡಿಕೆ ಬಹುಕಾಲದಿಂದ ನಡೆದುಬಂದಿದೆ. ಬಸವ ಎಂಬುದು ವೃಷಭ ಶಬ್ದದ ತದ್ಭವ. ಕಲ್ಯಾಣದ ಬಸವಣ್ಣನವರನ್ನು ನಮ್ಮ ಪುರಾಣಕಾರರು ನಂದಿಯ ಅವತಾರವೆಂದೇ ಕೊಂಡಾಡಿರುವರು. ಗುಡಿಯ ಬಸವಣ್ಣ ಮೌನದಲ್ಲಿ ಕುಳಿತು ಭಕ್ತರ ಮಾತನ್ನು ಕೇಳುವನು. ಕಲ್ಯಾಣದ ಬಸವಣ್ಣನವರಾದರೋ ಮಾತನ್ನೇ ಧರ್ಮದ ಸಾಧನವಾಗಿ ಕೈಗೊಂಡು, ಅದರಿಂದ ಮನುಷ್ಯರನ್ನು ಮನುಷ್ಯರೊಡನೆ ಕೂಡಿಸಿದರು. ಅವರ ಚರಿತ್ರೆಯನ್ನು ಈ ಒಂದು ಮುಖದಿಂದ ನೋಡುವುದೇ ಇಲ್ಲಿಯ ಉದ್ದೇಶ.

ಹಾಗೆ ನೋಡಬೇಕಾದ ಅಗತ್ಯವೂ ಒದಗಿದೆ. ೧೮೯೨ರಲ್ಲಿ ಚಾಮರಾಜಪೇಟೆಯೂ, ೧೮೯೮ರ ಪ್ಲೇಗಿನ ಹಾವಳಿಯ ತರುವಾಯ ಬಸವನಗುಡಿ, ಮಲ್ಲೇಶ್ವರಗಳೂ ರೂಪುಗೊಂಡಾಗ ಹಳೆಯ ಪೇಟೆಯ ಇಕ್ಕಟ್ಟಾದ ಬೀದಿಗಳಿಂದ ಅನೇಕ ಕುಟುಂಬಗಳು ಈ ಬಡಾವಣೆಗಳಿಗೆ ಬಂದು ನೆಲೆಸಿದವು. ಗೋಡೆಗೆ ಗೋಡೆ ತಾಗಿದ್ದ ಮನೆಗಳಲ್ಲಿ ಮಾತು ತಾನಾಗಿಯೇ ನಡೆಯುತ್ತಿದ್ದಿತು. ಮನೆಯ ಸುತ್ತ ಆವರಣವೆದ್ದ ಮೇಲೆ ಮಾತಾಡುವುದಕ್ಕೆ ಬಾಗಿಲು ದಾಟಬೇಕಾಯಿತು. ಇಂದು ಆ ಮನೆಗಳಲ್ಲಿ ಎಷ್ಟೋ ಉರುಳಿ, ಅದೇ ನೆಲದಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರಿದೆ. ಒಂದೇ ಮನೆಯ ನಾಲ್ವರು ನಾಲ್ಕು ಮೊಬೈಲುಗಳನ್ನು ನೋಡುತ್ತ ಕುಳಿತಿರುವರು. ತಂದೆಮಕ್ಕಳ ವೈಮನಸ್ಯ, ಅತ್ತೆಸೊಸೆಯರ ಕಲಹ, ಅಣ್ಣತಮ್ಮಂದಿರ ಆಸ್ತಿವ್ಯಾಜ್ಯ, ಇವು ಬೆಳೆಯುವುದು ಹಣದಿಂದ, ಹುಟ್ಟುವುದು ಮಾತ್ರ ಬಹುಮಟ್ಟಿಗೆ ಮಾತಿನಿಂದ. ಇಂತಹ ಗೃಹಸ್ಥರಿಗೆ ಎಂಟು ಶತಮಾನಗಳ ಹಿಂದಿನ ಒಬ್ಬ ಗೃಹಸ್ಥನ ನುಡಿಯ ನಡೆ ಹೇಗಿದ್ದಿತೆಂಬುದು ತಿಳಿಯತಕ್ಕ ವಿಷಯವಾಗಿದೆ.

ಬಾಗೇವಾಡಿಯಿಂದ ಸಂಗಮಕ್ಕೆ

ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ, ಈಗಿನ ವಿಜಯಪುರ ಜಿಲ್ಲೆಯ ಬಾಗೇವಾಡಿಯ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ತಂದೆ ಮಾದರಸ, ತಾಯಿ ಮಾದಲಾಂಬಿಕೆ, ಅಕ್ಕ ನಾಗಮ್ಮನವರು. ಅವರ ಚರಿತ್ರೆಯನ್ನು ಹಾಡಿದ ಕವಿಗಳಲ್ಲಿ ಹರಿಹರನು ಮೊದಲಿಗನು; ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನು ಹದಿಮೂರನೆಯ ಶತಮಾನದಲ್ಲಿಯೂ, ಕನ್ನಡದಲ್ಲಿ ಭೀಮಕವಿಯು ೧೩೬೯ರಲ್ಲಿಯೂ ಬಸವಪುರಾಣಗಳನ್ನು ರಚಿಸಿದರು. ಇವು ಭಕ್ತಿಕಾವ್ಯಗಳು, ವಿವರಗಳಲ್ಲಿ ಒಂದಕ್ಕೊಂದು ಬೇರೆಯಾಗುವುದುಂಟು. ಬಸವಣ್ಣನವರು ಚಾರಿತ್ರಿಕ ವ್ಯಕ್ತಿಯೆಂಬುದಕ್ಕೆ ಬೆಳಗಾವಿ ಜಿಲ್ಲೆಯ ಅರ್ಜುನವಾಡದ ೧೨೬೦ರ ಶಾಸನವು ಸಾಕ್ಷಿಯಾಗಿ ನಿಂತಿದೆ.

ಉಪನಯನದ ಸಂಗತಿಯಲ್ಲಿಯೂ ಕವಿಗಳು ಒಂದೇ ಸಮನಾಗಿ ಹೇಳುವುದಿಲ್ಲ. ಪುರಾಣಗಳ ಪ್ರಕಾರ ಬಾಲಕನು ಎಂಟನೆಯ ವಯಸ್ಸಿನಲ್ಲಿಯೇ ಆ ಸಂಸ್ಕಾರವನ್ನು ನಿರಾಕರಿಸಿದನು. ಹರಿಹರನ ಪ್ರಕಾರ ಅವರು ತಂದೆತಾಯಿಗಳನ್ನು ಕಳೆದುಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆದು, ಹದಿನಾರರ ಪ್ರಾಯದಲ್ಲಿ ಜನಿವಾರವನ್ನು ಕಳಚಿ ಮನೆಯಿಂದ ಹೊರಟರು. ಎರಡು ಕಥನಗಳ ತಿರುಳೂ ಒಂದೇ. ತಮಗೆ ಸತ್ಯವೆಂದು ತೋರದ ವಿಷಯಕ್ಕೆ ಹಿರಿಯರ ದಾಕ್ಷಿಣ್ಯದಿಂದ ತಲೆಯಾಡಿಸುವುದು ಆ ಎಳೆಯರಿಂದ ಆಗಲಿಲ್ಲ. ಅವರ ಬಾಳಿನ ಮೊದಲ ದೊಡ್ಡ ಮಾತು ನಿರಾಕರಣೆಯ ಮಾತು. ಅದನ್ನು ಅವರು ಆಡಿದುದು ತಮಗಿಂತ ಬಲ್ಲಿದರಾದವರ ಎದುರಿನಲ್ಲಿ. ಇದನ್ನು ವಾಚಕರು ನೆನಪಿನಲ್ಲಿಡಬೇಕು.

ಕೃಷ್ಣೆಯೂ ಮಲಪ್ರಭೆಯೂ ಕೂಡುವ ಸಂಗಮಕ್ಷೇತ್ರದಲ್ಲಿ ಅವರು ಈಶಾನ್ಯಗುರುಗಳ ಸನ್ನಿಧಿಯಲ್ಲಿ ಬಹುಕಾಲ ಸಂಗಮನಾಥನ ಸೇವೆ ಮಾಡಿಕೊಂಡಿದ್ದರು. ಹೂವೆತ್ತುವುದು, ನೀರು ತರುವುದು, ದೇವರ ಮುಂದೆ ಮನಸ್ಸನ್ನು ತೆರೆದಿಡುವುದು, ಇದೇ ಅವರ ದಿನಚರ್ಯೆ. ಮುಂದೆ ರಾಜಸಭೆಯಲ್ಲಿಯೂ ಮಹಾಮನೆಯಲ್ಲಿಯೂ ಅಷ್ಟೊಂದು ಮಾತಾಡಿದ ಮಹಾನುಭಾವರು ಮೊದಲು ಮಾತಾಡಲು ಕಲಿತುದು ದೇವರೊಡನೆ. ಯಾರ ಮುಂದೆ ಏನನ್ನೂ ಮುಚ್ಚಿಡಲಾಗದೋ ಅವನೊಡನೆ ಮಾತಾಡಿ ರೂಢಿಯಾದವನಿಗೆ ಮನುಷ್ಯರ ಮುಂದೆ ಒಂದು ಮುಖ, ಹಿಂದೆ ಒಂದು ಮುಖ ಸಾಧ್ಯವಾಗದು. ಬಸವಣ್ಣನವರ ವಚನಗಳಲ್ಲಿ ಅನ್ಯರನ್ನು ತಿದ್ದುವ ಮಾತುಗಳಿರುವಂತೆ ತಮ್ಮನ್ನೇ ತಾವು ಜರೆದುಕೊಳ್ಳುವ ಮಾತುಗಳೂ ಧಾರಾಳವಾಗಿವೆ. ಆ ಅಭ್ಯಾಸದ ಬೇರು ಸಂಗಮದಲ್ಲಿದೆ.

ಲೆಕ್ಕದ ಮನೆಯಲ್ಲಿ

ಅನಂತರ ಅವರು ಮಂಗಳವಾಡಕ್ಕೆ ಬಂದರು. ಇದು ಇಂದಿನ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ; ಕಳಚುರಿ ಬಿಜ್ಜಳನ ಬೀಡು. ಕರಣಿಕರ ಚಾವಡಿಯಲ್ಲಿ ಲೆಕ್ಕದ ತಪ್ಪೊಂದನ್ನು ತೋರಿಸಿಕೊಟ್ಟು ಅವರು ಅರಮನೆಯ ಊಳಿಗಕ್ಕೆ ಸೇರಿದರೆಂದು ಹರಿಹರನು ಹೇಳುವನು. ಚಾಲುಕ್ಯರ ಪ್ರಭುತ್ವ ಇಳಿಮುಖವಾಗಿ, ೧೧೬೨ರ ಹೊತ್ತಿಗೆ ಕಲ್ಯಾಣವು ಬಿಜ್ಜಳನ ವಶವಾಯಿತು. ಬಸವಣ್ಣನವರು ಕಾಲಕ್ರಮದಲ್ಲಿ ರಾಜ್ಯದ ಭಂಡಾರಿಗಳಾದರು. ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ.

ಲೆಕ್ಕದವನ ವೃತ್ತಿಯು ಅವರ ಮಾತಿಗೂ ಒಂದು ಶಿಸ್ತನ್ನು ತಂದುಕೊಟ್ಟಿತೆಂದು ಹೇಳಿದರೆ ಅತಿಶಯೋಕ್ತಿಯಾಗದು. ಜಮೆಯೂ ಖರ್ಚೂ ತಾಳೆಯಾಗದಿದ್ದರೆ ಲೆಕ್ಕ ಮುಗಿಯುವುದಿಲ್ಲ. ನುಡಿಯೂ ನಡೆಯೂ ತಾಳೆಯಾಗದಿದ್ದರೆ ಭಕ್ತಿ ಸಲ್ಲುವುದಿಲ್ಲ. ಮಾತಿನ ಸೊಬಗನ್ನು ಮುತ್ತುಮಾಣಿಕ್ಯಗಳಿಗೆ ಹೋಲಿಸಿದ ಅವರ ವಚನವು ನಮ್ಮ ಮಕ್ಕಳಿಗೆ ಬಾಯಿಪಾಠವಾಗಿದೆ. ಆದರೆ ಆ ವಚನದ ಕೊನೆಯಲ್ಲಿರುವ ಷರತ್ತನ್ನು ದೊಡ್ಡವರು ಮರೆಯುವುದುಂಟು. ನುಡಿದಂತೆ ನಡೆಯದವನಿಗೆ ದೇವನೊಲಿಯನೆಂಬುದೇ ಆ ಷರತ್ತು.

ದೈವವನ್ನು ಒಲಿಸಿಕೊಳ್ಳುವ ದಾರಿಯಾಗಿ ಅವರು ಹೇಳಿದ ಏಳು ನಿಷೇಧಗಳನ್ನೂ ಒಮ್ಮೆ ಎಣಿಸಿ ನೋಡತಕ್ಕದ್ದು. ಕಳವು, ಕೊಲೆ, ಸುಳ್ಳು, ಕೋಪ, ಅನ್ಯರಲ್ಲಿ ಅಸಹ್ಯ, ಆತ್ಮಪ್ರಶಂಸೆ, ಪರನಿಂದೆ. ಈ ಏಳೂ ವರ್ಜ್ಯ. ಇವುಗಳಲ್ಲಿ ಮೊದಲಿನ ಎರಡು ಕೈಯ ದೋಷಗಳು. ಸುಳ್ಳು, ಆತ್ಮಪ್ರಶಂಸೆ, ಪರನಿಂದೆ ಈ ಮೂರು ನಾಲಗೆಯ ದೋಷಗಳು. ಕೋಪ, ಅಸಹ್ಯ ಈ ಎರಡು ಮನಸ್ಸಿನಲ್ಲಿ ಹುಟ್ಟಿ ನಾಲಗೆಯ ಮೂಲಕವೇ ಹೊರಬೀಳತಕ್ಕವು. ಏಳರಲ್ಲಿ ಐದು ಪಾಲು ಮಾತಿಗೆ ಸಂಬಂಧಪಟ್ಟವೆಂದಾಯಿತು. ನಮ್ಮಲ್ಲಿ ಹೆಚ್ಚಿನವರು ಕಳವು ಕೊಲೆಗಳನ್ನು ಮಾಡುವವರಲ್ಲ. ಆದುದರಿಂದ ಧರ್ಮವು ನಮ್ಮನ್ನು ದಿನವೂ ಪರೀಕ್ಷಿಸುವ ಸ್ಥಳವು ನಾಲಗೆಯೇ ಆಗಿದೆ.

ಒಂದಕ್ಕೆ ಎರಡು ಶರಣು

ಕಲ್ಯಾಣದಲ್ಲಿ ಬಸವಣ್ಣನವರ ಮನೆಯು ಮಹಾಮನೆಯೆಂದು ಹೆಸರಾಯಿತು. ಗಂಗಾಂಬಿಕೆ, ನೀಲಾಂಬಿಕೆಯರ ಗೃಹಕೃತ್ಯದಲ್ಲಿ ಅಲ್ಲಿ ದಾಸೋಹವು ಎಡೆಬಿಡದೆ ನಡೆಯುತ್ತಿದ್ದಿತು. ಬಂದವನ ಕುಲವನ್ನು ಕೇಳುವ ಪದ್ಧತಿ ಆ ಬಾಗಿಲಲ್ಲಿ ಇರಲಿಲ್ಲ. ಅಗಸ, ಅಂಬಿಗ, ನೇಕಾರ, ಸಮಗಾರ, ಕಟ್ಟಿಗೆ ಹೊರುವವನು, ಹಗ್ಗ ಹೊಸೆಯುವವನು ಎಲ್ಲರೂ ಅಲ್ಲಿ ಅಯ್ಯಗಳೇ. ಹೆಸರಿಗೆ ಗೌರವದ ಒಂದು ಪದವನ್ನು ಸೇರಿಸಿ ಕರೆಯುವುದನ್ನು ಬಸವಣ್ಣನವರು ಸಣ್ಣ ಸಂಗತಿಯೆಂದು ಎಣಿಸಲಿಲ್ಲ. ಸ್ವರ್ಗನರಕಗಳನ್ನು ಸತ್ತ ಮೇಲಿನ ಲೋಕಗಳಲ್ಲಿ ಹುಡುಕದೆ, ಒಬ್ಬರನ್ನೊಬ್ಬರು ಕರೆಯುವ ಧಾಟಿಯಲ್ಲಿಯೇ ಅವರು ಕಂಡರು.

ಸಮಗಾರ ಹರಳಯ್ಯನವರ ಕಥೆಯು ಪರಂಪರೆಯಲ್ಲಿ ಹೀಗೆ ಬಂದಿದೆ. ಒಂದು ದಿನ ಬೀದಿಯಲ್ಲಿ ಹರಳಯ್ಯನು ಬಸವಣ್ಣನವರಿಗೆ ಶರಣೆಂದನು. ರಾಜ್ಯದ ಭಂಡಾರಿಗಳು ನಿಂತು ಅವನಿಗೆ ಎರಡು ಸಲ ಶರಣೆಂದರು. ಮರ್ಯಾದೆಯ ಮಾತನ್ನು ಜನ್ಮದಲ್ಲಿ ಕೇಳದಿದ್ದ ಆ ಬಡವನಿಗೆ ಹೆಚ್ಚಾಗಿ ಬಂದ ಒಂದು ಶರಣು ಭಾರವಾಯಿತು. ಅದನ್ನು ತೀರಿಸುವ ಬಗೆ ಕಾಣದೆ ಅವನೂ ಅವನ ಪತ್ನಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಹೊಲಿದು ತಂದರು. ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡು, ಧರಿಸಲು ತಾವು ಯೋಗ್ಯರಲ್ಲವೆಂದು ಹಿಂದಿರುಗಿಸಿದರು.

ಈ ಕಥೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಪಾದರಕ್ಷೆಗಳ ಬಳಿಯಲ್ಲಿಯೇ ನಿಲ್ಲುವೆವು. ಕಥೆಯ ಬೀಜವಾದರೋ ಆ ಎರಡನೆಯ ಶರಣಿನಲ್ಲಿದೆ. ಮೊದಲನೆಯದು ಲೋಕದ ಮರ್ಯಾದೆ, ಕೊಟ್ಟುದಕ್ಕೆ ಪ್ರತಿಯಾಗಿ ಕೊಟ್ಟುದು. ಎರಡನೆಯದಕ್ಕೆ ಕಾರಣವೇ ಇರಲಿಲ್ಲ. ಎದುರಿನವನನ್ನು ತಮಗಿಂತ ಹಿರಿಯನೆಂದು ಭಾವಿಸಿದವರಿಗೆ ಮಾತ್ರ ಅದು ಬಾಯಿಗೆ ಬರತಕ್ಕದ್ದು. ಸಂಬಂಧಗಳು ಬಾಳುವುದು ಲೆಕ್ಕಕ್ಕೆ ಮೀರಿ ಆಡಿದ ಇಂತಹ ಒಂದು ಮಾತಿನ ಮೇಲೆ. ಲೆಕ್ಕದಲ್ಲಿ ನಿಷ್ಣಾತರಾದ ಭಂಡಾರಿಗಳು ಗೌರವದ ವಿಷಯದಲ್ಲಿ ಮಾತ್ರ ಲೆಕ್ಕವಿಡಲಿಲ್ಲ.

ತಪ್ಪಿದಾಗ ತಿದ್ದಿಕೊಂಡ ರೀತಿ

ಬಸವಣ್ಣನವರ ಮಾತು ಎಂದೂ ತಪ್ಪಲಿಲ್ಲವೆಂದು ಪುರಾಣಕಾರರು ಹೇಳುವುದಿಲ್ಲ. ಅದು ಅವರ ಪ್ರಾಮಾಣಿಕತೆ. ಕಿನ್ನರಿ ಬೊಮ್ಮಯ್ಯನ ಪ್ರಸಂಗವನ್ನು ನೋಡಿರಿ. ಶರಣರ ನಡುವೆ ಉಳ್ಳಿಯ ವಿಷಯ ಬಂದಾಗ ಬಸವಣ್ಣನವರ ಬಾಯಿಂದ ಅದರ ಬಗ್ಗೆ ಹೇಸಿಕೆಯ ಮಾತೊಂದು ಹೊರಟಿತು. ಬೊಮ್ಮಯ್ಯನಿಗೆ ಉಳ್ಳಿ ಪ್ರಿಯವಾದ ಪದಾರ್ಥ. ಅವನು ನೊಂದು ಎದ್ದುಹೋದನು. ಮಾತು ಚಿಕ್ಕದು, ಉದ್ದೇಶಪೂರ್ವಕವೂ ಅಲ್ಲ. ತಮ್ಮ ಮಾತಿನ ಅರ್ಥ ಹಾಗಲ್ಲವೆಂದು ವಾದಿಸಿ ತಪ್ಪನ್ನು ಕೇಳಿದವನ ಮೇಲೆಯೇ ಹೊರಿಸುವುದು ಲೋಕದ ದಾರಿ. ಬಸವಣ್ಣನವರು ಆ ದಾರಿ ಹಿಡಿಯಲಿಲ್ಲ. ಉಳ್ಳಿಯ ಹೊರೆಗಳನ್ನು ತರಿಸಿ, ಅದನ್ನೇ ಮಂಗಳದ್ರವ್ಯವೆಂಬಂತೆ ಸಂಭ್ರಮದಿಂದ ಮೆರೆಯಿಸಿ, ಊರವರ ಕಣ್ಣೆದುರಿನಲ್ಲಿ ಶರಣರೊಡನೆ ಹೋಗಿ ಬೊಮ್ಮಯ್ಯನನ್ನು ಕರೆತಂದರೆಂದು ಪುರಾಣವು ವರ್ಣಿಸುತ್ತದೆ. ಒಬ್ಬನ ಊಟವನ್ನು ಹೀಯಾಳಿಸಿದರೆ ಅವನ ತಾಯಿಯನ್ನೂ ಮನೆಯನ್ನೂ ಹೀಯಾಳಿಸಿದಂತಾಗುವುದೆಂಬುದನ್ನು ಆ ಮಹಾಶಯರು ಅರಿತಿದ್ದರು. ತುಂಬಿದ ಸಭೆಯಲ್ಲಿ ಆದ ಗಾಯವನ್ನು ಏಕಾಂತದಲ್ಲಿ ಮಾಯಿಸಲಾಗದೆಂಬುದನ್ನೂ ಅರಿತಿದ್ದರು.

ಮಡಿವಾಳ ಮಾಚಯ್ಯನವರ ಪ್ರಸಂಗವು ಇನ್ನೂ ಗಂಭೀರವಾದುದು. ಬೇಡಿದವರಿಗೆಲ್ಲ ಕೊಡುತ್ತ ಬಂದ ಬಸವಣ್ಣನವರ ಮನಸ್ಸಿನಲ್ಲಿ ಕೊಡುವವನೆಂಬ ಭಾವ ಸುಳಿಯಿತು. ಶರಣರ ಬಟ್ಟೆಗಳನ್ನು ಮಡಿಮಾಡುವ ಕಾಯಕದ ಮಾಚಯ್ಯನು ಅದನ್ನು ಮುಚ್ಚುಮರೆಯಿಲ್ಲದೆ ಖಂಡಿಸಿದನು. ರಾಜ್ಯದ ಬೊಕ್ಕಸದ ಅಧಿಕಾರಿಯನ್ನು ಅಗಸನೊಬ್ಬನು ಗದರಿಸುವುದೂ, ಅಧಿಕಾರಿಯು ತಲೆಬಾಗಿ ಕೇಳುವುದೂ ಆ ಕಾಲದ ಬೇರೆ ಯಾವ ಮನೆಯಲ್ಲಿ ನಡೆದೀತು? ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಇಲ್ಲಿಯೇ ತಿಳಿಯುವುದು. ದಾನಿಯು ಮೇಲೆ ನಿಂತು ಕೊಡುವನು; ದಾಸೋಹಿಯು ಕೊಡುವಾಗಲೂ ತಾನೇ ಪಡೆದೆನೆಂದು ತಿಳಿಯುವನು.

ಅಲ್ಲಮಪ್ರಭುಗಳು ಸಿದ್ಧರಾಮನೊಡನೆ ಕಲ್ಯಾಣಕ್ಕೆ ಬಂದ ಸಂದರ್ಭವನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ನಿರೂಪಿಸಿದೆ. ಪ್ರಭುಗಳು ಬಾಗಿಲಿಗೆ ಬಂದಾಗ ಬಸವಣ್ಣನವರು ಒಳಗೆ ಲಿಂಗಪೂಜೆಯಲ್ಲಿದ್ದರು. ಆಪ್ತನಾದ ಹಡಪದ ಅಪ್ಪಣ್ಣನನ್ನು ಕಳುಹಿಸಿ ಬಿನ್ನಹ ಮಾಡಿಸಿದರು. ಪ್ರಭುಗಳು ಒಳಗೆ ಬರಲಿಲ್ಲ. ಬಾಗಿಲಲ್ಲಿ ನಿಂತಿರುವ ಜಂಗಮವನ್ನು ಬಿಟ್ಟು ಒಳಗೆ ಪೂಜಿಸುತ್ತಿರುವುದು ಯಾರನ್ನು ಎಂಬುದು ಅವರ ಆಕ್ಷೇಪದ ತಾತ್ಪರ್ಯ. ಬಸವಣ್ಣನವರು ಎದ್ದುಬಂದು, ಅಡ್ಡಬಿದ್ದು, ತಮ್ಮ ತಪ್ಪನ್ನು ಒಪ್ಪಿ, ಪ್ರಭುಗಳನ್ನು ಒಳಗೆ ಕರೆದೊಯ್ದರು. ದೇವರ ಮನೆಯ ಕೆಲಸವಾದರೂ ಮನುಷ್ಯನನ್ನು ಕಾಯಿಸಲು ನೆಪವಾಗಲಾರದೆಂದ ಮೇಲೆ, ನಾವು ಒಡ್ಡುವ ಉಳಿದ ನೆಪಗಳ ಬೆಲೆ ಎಷ್ಟರದು?

ಕೇಳುವ ಮನೆ

ಕಲ್ಯಾಣದ ಶರಣರ ಗೋಷ್ಠಿಯನ್ನು ನಾವು ಅನುಭವಮಂಟಪವೆಂದು ಕರೆಯುವೆವು. ಅಲ್ಲಿ ಮಾತಾಡಿದವರಷ್ಟೇ ಕೇಳಿದವರೂ ಮುಖ್ಯರು. ಬಸವಣ್ಣನವರು ಅದನ್ನು ನಡೆಯಿಸಿದರೂ ಶೂನ್ಯಪೀಠದ ಹಿರಿತನವನ್ನು ಅಲ್ಲಮಪ್ರಭುಗಳಿಗೆ ಒಪ್ಪಿಸಿ, ತಾವು ಎಲ್ಲರಿಗೂ ಕಿರಿಯರಾಗಿ ನಿಂತರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಇಂತಹವರ ಮನೆತನಕ್ಕೆ ತಮ್ಮ ಹುಟ್ಟನ್ನು ಹೊಂದಿಸಿಕೊಂಡು, ಕುಲದ ಹಿರಿಮೆಯನ್ನು ತಾವೇ ಅಳಿಸಿದರು. ಹೆಂಗಸರ ಮಾತಿಗೆ ಅಲ್ಲಿ ಗಂಡಸರ ಮಾತಿನಷ್ಟೇ ತೂಕ. ಆ ಕಾಲದಲ್ಲಿ ವಚನಗಳನ್ನು ರಚಿಸಿದ ಶರಣೆಯರು ಮೂವತ್ತಕ್ಕೂ ಹೆಚ್ಚು ಮಂದಿ. ಅಕ್ಕ ನಾಗಮ್ಮ, ಗಂಗಾಂಬಿಕೆ, ನೀಲಾಂಬಿಕೆಯರೂ ಆ ಸಾಲಿನಲ್ಲಿರುವರು. ಹಿರಿಯ ಅಧಿಕಾರಿಯ ಮನೆಯ ಹೆಂಗಸರು ಬಡಿಸುವುದರಲ್ಲಿಯೇ ಕಾಲ ಕಳೆಯದೆ ತಮ್ಮ ಅನುಭಾವವನ್ನು ನುಡಿಯಾಗಿಸುವಷ್ಟು ಬಿಡುವು ಆ ಮನೆಯಲ್ಲಿದ್ದಿತು.

ದಂಪತಿಗಳ ಮಾತು ಹೇಗಿರಬೇಕೆಂಬುದಕ್ಕೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕಥೆಯೇ ಸಾಕು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು ಹಿಗ್ಗಲಿಲ್ಲ. ಅಂದಿನ ಕಾಯಕಕ್ಕೆ ಮೀರಿದುದು ಆಸೆಯೆಂದು ಪತಿಗೆ ತಿಳಿಯಹೇಳಿ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿದಳು. ಮಾರಯ್ಯನು ಹೆಂಡತಿಯ ಮಾತೆಂದು ಕೆರಳದೆ, ಗುರುವಿನ ಮಾತೆಂಬಂತೆ ನಡೆದನು. ಹೇಳುವ ಧೈರ್ಯವು ಲಕ್ಕಮ್ಮನಲ್ಲಿದ್ದಿತು, ಕೇಳುವ ಧೈರ್ಯವು ಮಾರಯ್ಯನಲ್ಲಿದ್ದಿತು. ಎರಡನೆಯದು ಮೊದಲನೆಯದಕ್ಕಿಂತ ದುರ್ಲಭವಾದುದು.

ಅರಸನ ಮುಂದೆ

ಇಷ್ಟನ್ನು ಓದಿದವರಿಗೆ ಬಸವಣ್ಣನವರು ಎಲ್ಲರಿಗೂ ಬಾಗುವ ಮೃದುಸ್ವಭಾವದವರೆಂದು ತೋರಬಹುದು. ಅರಸನ ಮುಂದೆ ಅವರು ಹೇಗಿದ್ದರೆಂಬುದನ್ನು ನೋಡದೆ ಆ ತೀರ್ಮಾನಕ್ಕೆ ಬರಲಾಗದು. ಬೊಕ್ಕಸದ ಹಣ ಜಂಗಮರ ಪಾಲಾಗುತ್ತಿದೆಯೆಂದು ಕೊಂಡೆಯರು ಬಿಜ್ಜಳನ ಕಿವಿಯಲ್ಲಿ ಊದಿದರು. ಅರಸನು ಕೇಳಿದಾಗ ಭಂಡಾರಿಗಳು ಅಂಗಲಾಚಲಿಲ್ಲ, ಕೊಂಡೆಯರನ್ನು ಹಳಿಯಲೂ ಇಲ್ಲ. ಭಂಡಾರವನ್ನು ತೆರೆಯಿಸಿ ಲೆಕ್ಕವನ್ನು ಒಪ್ಪಿಸಿದರು, ಒಂದು ಹಣವೂ ಕಡಿಮೆಯಿರಲಿಲ್ಲ. ಅಸ್ಪೃಶ್ಯವೆಂದು ದೂರವಿರಿಸಿದ್ದ ಕುಲದಲ್ಲಿ ಹುಟ್ಟಿದ ಶಿವನಾಗಮಯ್ಯನ ಸಂಗಡ ಸಲಿಗೆಯಿಂದ ಬೆರೆತುದಕ್ಕೆ ಅರಮನೆಯಲ್ಲಿ ಆಕ್ಷೇಪವೆದ್ದಾಗ, ಅವರು ಆ ಶರಣನನ್ನು ಬಿಟ್ಟುಕೊಡದೆ ಸಭೆಯಲ್ಲಿಯೇ ಅವನ ಪಕ್ಷವಹಿಸಿದರೆಂದು ಬಸವಪುರಾಣ ಹೇಳುತ್ತದೆ. ಬಿಜ್ಜಳನಿಗೆ ತಾವು ಅಂಜುವವರಲ್ಲವೆಂಬ ಭಾವ ಅವರ ವಚನಗಳಲ್ಲಿಯೂ ಸ್ಪಷ್ಟವಾಗಿದೆ.

ಕಡೆಯ ಪರೀಕ್ಷೆ ಬಂದುದು ಮದುವೆಯ ರೂಪದಲ್ಲಿ. ಬ್ರಾಹ್ಮಣಕುಲದಿಂದ ಬಂದು ಶರಣನಾಗಿದ್ದ ಮಧುವರಸನು ತನ್ನ ಮಗಳನ್ನು ಹರಳಯ್ಯನ ಮಗ ಶೀಲವಂತನಿಗೆ ಕೊಟ್ಟನೆಂದೂ, ವರ್ಣಸಂಕರವೆಂದು ಊರು ಹೊತ್ತಿಕೊಂಡಿತೆಂದೂ, ಬಿಜ್ಜಳನು ಬೀಗರಿಬ್ಬರನ್ನೂ ಕಣ್ಣು ಕೀಳಿಸಿ ಆನೆಯ ಕಾಲಿಗೆ ಕಟ್ಟಿ ಎಳೆಸಿದನೆಂದೂ ಪರಂಪರೆಯು ನೆನೆಯುತ್ತದೆ. ಬೀದಿಯ ಒಂದು ಎರಡನೆಯ ಶರಣಿನಿಂದ ಮೊದಲಾದುದು ಇಬ್ಬರು ತಂದೆಯರ ಪ್ರಾಣದವರೆಗೆ ಬಂದಿತು. ಸಮಾನತೆಯ ಮಾತು ಬಾಯಲ್ಲಿರುವವರೆಗೆ ಲೋಕವು ಅದನ್ನು ಸಹಿಸುವುದು. ಅದು ಮನೆಯೊಳಗೆ ಬಂದು ನೆಂಟಸ್ತನವಾದಾಗಲೇ ಕತ್ತಿ ಹಿರಿಯುವುದು. ಆ ಮದುವೆಯನ್ನು ಅಲ್ಲಗಳೆದು ಅಧಿಕಾರವನ್ನು ಉಳಿಸಿಕೊಳ್ಳುವ ದಾರಿ ಬಸವಣ್ಣನವರಿಗೆ ತೆರೆದಿದ್ದಿತು. ಅವರು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪದವಿಯನ್ನು ಬಿಟ್ಟರು, ಕಲ್ಯಾಣವನ್ನು ಬಿಟ್ಟರು.

೧೧೬೭ರ ಸುಮಾರಿನಲ್ಲಿ ಬಿಜ್ಜಳನ ಆಳಿಕೆ ಕೊನೆಗೊಂಡಿತು, ಕಲ್ಯಾಣವು ಕ್ಷೋಭೆಗೊಳಗಾಯಿತು. ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಶರಣರು ಉಳವಿಯ ಕಡೆಗೆ ನಡೆದರು. ಬಸವಣ್ಣನವರು ತಮ್ಮ ಬಾಲ್ಯದ ಸಂಗಮಕ್ಕೆ ಮರಳಿ, ಅಲ್ಲಿಯೇ ಲಿಂಗೈಕ್ಯರಾದರು. ಇಂದಿಗೂ ಕೂಡಲಸಂಗಮದಲ್ಲಿ ಅವರ ಐಕ್ಯಸ್ಥಳವನ್ನು ಭಕ್ತರು ದರ್ಶಿಸುವರು.

ನಮ್ಮ ಮನೆಗಳಲ್ಲಿ

ಈ ಚರಿತ್ರೆಯನ್ನು ಒಟ್ಟಿಗೆ ಹಿಡಿದು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಬಸವಣ್ಣನವರ ಮಾತು ತಮಗಿಂತ ಕೆಳಗಿನವರೆಂದು ಲೋಕ ಎಣಿಸಿದವರ ಮುಂದೆ ಮೃದುವಾಗಿದ್ದಿತು, ಮೇಲಿನವರೆಂದು ಲೋಕ ಎಣಿಸಿದವರ ಮುಂದೆ ನೇರವಾಗಿದ್ದಿತು. ಸಮಗಾರನಿಗೆ ಎರಡು ಶರಣು, ಅಗಸನ ಗದರಿಕೆಗೆ ತಲೆಬಾಗು, ಅರಸನಿಗೆ ಲೆಕ್ಕವೂ ಸತ್ಯವೂ. ನಮ್ಮಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ವಿಲೋಮ. ಕಚೇರಿಯಲ್ಲಿ ಮೇಲಧಿಕಾರಿಯ ತಪ್ಪಿಗೂ ನಗುವೆವು. ಅಂಗಡಿಯಲ್ಲಿ ಗಿರಾಕಿಯ ಒರಟುತನವನ್ನೂ ಸಹಿಸುವೆವು. ಅಲ್ಲಿ ನುಂಗಿಕೊಂಡ ಕಹಿಯನ್ನೆಲ್ಲ ಸಂಜೆ ಮನೆಗೆ ತಂದು ಹೆಂಡತಿಯ ಮೇಲೆ, ಮಕ್ಕಳ ಮೇಲೆ, ಪಾತ್ರೆ ತೊಳೆಯುವ ಹೆಣ್ಣುಮಗಳ ಮೇಲೆ ಸುರಿಯುವೆವು. ಮಾತಿನ ಬೆಣ್ಣೆಯೆಲ್ಲ ಹೊರಗಿನವರಿಗೆ, ಮನೆಯವರಿಗೆ ಉಳಿಯುವುದು ಹುಳಿಮಜ್ಜಿಗೆ. ಇದು ವಿನಯವೂ ಅಲ್ಲ, ಧೈರ್ಯವೂ ಅಲ್ಲ. ಭಯವು ಎರಡು ವೇಷಗಳಲ್ಲಿ ಕಾಣಿಸಿಕೊಳ್ಳುವ ರೀತಿ.

ಮೃದುವಚನವೆಂದರೆ ಎಲ್ಲರನ್ನೂ ಒಲಿಸುವ ಸವಿಮಾತೆಂದು ತಿಳಿಯಬಾರದು. ಲಕ್ಕಮ್ಮನು ಪತಿಗೆ ಆಡಿದುದು ಸವಿಮಾತಲ್ಲ, ಹಿತದ ಮಾತು. ಮಾಚಯ್ಯನು ಆಡಿದುದು ಕಟುವಾದರೂ ಸಂಬಂಧವನ್ನು ಮುರಿಯಲಿಲ್ಲ. ಏಕೆಂದರೆ ಅದನ್ನು ಎದುರಿನಲ್ಲಿ ಆಡಿದನು, ಬೆನ್ನಹಿಂದೆ ಆಡಲಿಲ್ಲ. ಕೇಳಿದವರಾದರೂ ಹೇಳಿದವನ ಕುಲವನ್ನೂ ಸ್ಥಾನವನ್ನೂ ಅಳೆಯದೆ, ಹೇಳಿದುದು ನಿಜವೇ ಎಂಬುದನ್ನು ಮಾತ್ರ ಅಳೆದರು. ನಮ್ಮ ಮನೆಗಳಲ್ಲಿ ಹದಿನೈದು ವರ್ಷದ ಮಗಳು ತಂದೆಯ ತಪ್ಪನ್ನು ಹೇಳಿದಾಗ, ಚಿಕ್ಕವಳು ಹೇಳಿದಳೆಂಬ ಕಾರಣಕ್ಕೆ ಅದು ಸುಳ್ಳಾಗುವುದೇನು? ಬೇರೆ ಕುಲದ ಸೊಸೆಯೋ ಅಳಿಯನೋ ಮನೆಗೆ ಬಂದಾಗ ಅವರ ಊಟ ಉಡುಗೆಗಳ ಬಗ್ಗೆ ಆಡುವ ಒಂದು ಹೇಸಿಕೆಯ ಮಾತು ಉಳ್ಳಿಯ ಪ್ರಸಂಗವೇ ಅಲ್ಲವೆ? ಬೊಮ್ಮಯ್ಯನನ್ನು ಕರೆತರಲು ಮಹಾಮನೆಯ ಒಡೆಯರು ತಾವಾಗಿ ಬೀದಿಗಿಳಿದರು. ಮುನಿದ ತಮ್ಮನ ಮನೆಗೆ ಮೊದಲು ಹೋಗಲು ಅಣ್ಣನಾದವನು ಹಿಂಜರಿಯಬೇಕಾದುದಿಲ್ಲ.

ಬೆಂಗಳೂರು ಬಸವಣ್ಣನವರ ನೆನಪನ್ನು ಕೈಬಿಟ್ಟಿಲ್ಲ. ಗುಬ್ಬಿ ತೋಟದಪ್ಪನವರು (೧೮೩೮-೧೯೧೦) ತಮ್ಮ ಗಳಿಕೆಯನ್ನು ಪ್ರಯಾಣಿಕರಿಗೂ ವಿದ್ಯಾರ್ಥಿಗಳಿಗೂ ಮೀಸಲಿಟ್ಟು, ರೈಲುನಿಲ್ದಾಣದ ಬಳಿ ಛತ್ರವನ್ನು ಕಟ್ಟಿಸಿದುದು ಮಹಾಮನೆಯ ಬಾಗಿಲನ್ನು ನೆನಪಿಗೆ ತರುವ ಕಾರ್ಯ. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಮೇಲೆ ತಾಳೆಗರಿಯ ವಚನಗಳು ಮನೆಮನೆಗೆ ಬಂದವು. ೧೯೧೫ರಲ್ಲಿ ಹುಟ್ಟಿದ, ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ವಚನಗಳ ವಿಚಾರ ನಡೆಯುತ್ತ ಬಂದಿದೆ. ೧೯೬೪ರಲ್ಲಿ ಬಿ. ಡಿ. ಜತ್ತಿಯವರು ಇದೇ ನಗರದಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದರು. ೨೦೨೪ರಲ್ಲಿ ರಾಜ್ಯ ಸರ್ಕಾರವು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಪಟಕ್ಕೆ ಹಾರ ಹಾಕಿ, ಅದೇ ಬಾಯಿಂದ ಮನೆಗೆಲಸದವಳನ್ನು ಏಕವಚನದಲ್ಲಿ ಕೂಗಿ ಗದರಿಸಿದ ದಿನ ನಮ್ಮ ಜಮೆಖರ್ಚು ತಾಳೆಯಾಗದು.

ಬರುವ ಬಸವಜಯಂತಿಯವರೆಗೆ ಕಾಯಬೇಕಾದ ಕೆಲಸ ಇದಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಕುಳಿತಾಗ, ಹಿಂದಿನ ದಿನ ಯಾರೊಡನೆ ಏನು ಆಡಿದೆವೆಂಬುದನ್ನು ಒಂದು ಗಳಿಗೆ ನೆನೆಯೋಣ. ನೊಂದವರು ಇದ್ದರೆ, ಪೂಜೆ ಮುಗಿದ ಕೂಡಲೆ ಅವರ ಬಳಿಗೆ ಹೋಗೋಣ. ಬಾಗಿಲಲ್ಲಿ ನಿಂತವರನ್ನು ಕಾಯಿಸದಿರೋಣ. ಹಾಲು ತರುವವನಿಗೂ, ಬೀದಿ ಗುಡಿಸುವ ತಾಯಿಗೂ ನಾವೇ ಮೊದಲು ಶರಣೆನ್ನೋಣ. ಅವರು ಮೊದಲಾಗಿ ಅಂದರೆ ಎರಡು ಸಲ ಅನ್ನೋಣ.